ತ್ರೆಸ್ ಸಪೋತೆಸ್ ಹಳ್ಳಿಯ ಅರ್ಧ ಕಲ್ಲು

ಮೆಕ್ಸಿಕೋದ ಪ್ರಾಚೀನ ಓಲ್ಮೆಕ್ ಜನರ ಕಲ್ಲುಗಳನ್ನು ನೋಡೋಕೆ ಬಹಳ ಜನ ಮೆಕ್ಸಿಕೋ ಸಿಟಿಯ ರಾಷ್ಟ್ರೀಯ ಮ್ಯೂಸಿಯಂಗೆ ಹೋಗುತ್ತಾರೆ. ನಾನೂ ಮೊದಲು ಅಲ್ಲಿಗೇ ಹೋಗಿದ್ದೆ. ಅಲ್ಲಿ ತಾರೀಕು ಕೆತ್ತಿದ, ಸ್ತಂಭ ‘ಸಿ’ ಎಂಬ ಕಲ್ಲಿನ ಕೆಳಗಿನ ಅರ್ಧ ಇದೆ. ಮೇಲಿನ ಅರ್ಧ ಇರುವುದು ವೆರಾಕ್ರೂಸ್ ರಾಜ್ಯದ ತ್ರೆಸ್ ಸಪೋತೆಸ್ ಎಂಬ ಹಳ್ಳಿಯಲ್ಲಿ. ಅದನ್ನೂ ನೋಡದೆ ಊರಿಗೆ ವಾಪಸ್ ಬರೋಕೆ ಮನಸ್ಸಾಗಲಿಲ್ಲ.

ವೆರಾಕ್ರೂಸ್ ನಗರದಿಂದ ಬಸ್ಸಿನಲ್ಲಿ ಸಾಂತಿಯಾಗೊ ತುಸ್ತ್ಲಾಗೆ ಬಂದೆ. ಅಲ್ಲಿನ ಚೌಕದಲ್ಲಿ ಕಣ್ಣು ಮುಚ್ಚಿಕೊಂಡ ಒಂದು ಭಾರೀ ಕಲ್ಲಿನ ತಲೆ ಇದೆ. ಇದುವರೆಗೆ ಸಿಕ್ಕಿರುವ 17 ಓಲ್ಮೆಕ್ ತಲೆಗಳಲ್ಲಿ ಇದೇ ಎಲ್ಲಕ್ಕಿಂತ ದೊಡ್ಡದು, ಎತ್ತರ 3 ಮೀಟರಿಗೂ ಜಾಸ್ತಿ. ಅಲ್ಲಿಂದ ಮುಂದೆ ಶೇರ್ ಟ್ಯಾಕ್ಸಿ.

ತ್ರೆಸ್ ಸಪೋತೆಸ್‌ನ ಮ್ಯೂಸಿಯಂ ತೀರಾ ಚಿಕ್ಕದು. ಹೊಕ್ಕ ತಕ್ಷಣ ಕಣ್ಣಿಗೆ ಬೀಳುವುದು ಸುಮಾರು ಒಂದೂವರೆ ಮೀಟರ್ ಎತ್ತರದ ತಲೆ. ಜಗತ್ತಿಗೆ ಮೊದಲು ಗೊತ್ತಾದ ಓಲ್ಮೆಕ್ ತಲೆ ಇದೇ. ಕಾಡು ಕಡಿಯುತ್ತಿದ್ದ ಕೂಲಿಯವರು ಮಣ್ಣಿನಲ್ಲಿ ಬೋರಲು ಬಿದ್ದ ಕಬ್ಬಿಣದ ಕೊಪ್ಪರಿಗೆ ಅಂದುಕೊಂಡಿದ್ದರಂತೆ. 1862ರಲ್ಲಿ ಹಳೆಯ ವಸ್ತುಗಳ ಆಸಕ್ತ ಹೊಸೆ ಮರಿಯಾ ಮೆಲ್ಗಾರ್ ಇದನ್ನು ಬಂದು ನೋಡಿದರು. 1869ರಲ್ಲಿ ಇದರ ಬಗ್ಗೆ ಬರೆದರು. ಕಲ್ಲು ಹತ್ತಿರದ ವಿಹಿಯಾ ಬೆಟ್ಟದ್ದು. ಎತ್ತಿಲ್ಲ, ಗಾಡಿಯಿಲ್ಲ, ಏಳೆಂಟು ಟನ್ ಬಂಡೆಯನ್ನು ಮನುಷ್ಯರೇ ಎಳೆದು ತಂದಿರಬೇಕು.

ನಾನು ನಮ್ಮ ಕಡೆ ಶಾಸನ, ವೀರಗಲ್ಲು ನೋಡುವ ರೀತಿಯಲ್ಲೇ ಇಲ್ಲೂ ನೋಡಿದೆ. ಮೊದಲು ಫಲಕ ಓದಲ್ಲ. ಸುಮ್ನೆ ಒಂದು ಸುತ್ತು ಬರುತ್ತೇನೆ. ಆಮೇಲೆ ಕುಕ್ಕರಗಾಲಲ್ಲಿ ಕೂತು, ಕಾವಲಿನವರ ಅನುಮತಿ ಪಡೆದು, ಟಾರ್ಚನ್ನು ಕಲ್ಲಿಗೆ ಒರಗಿಸಿದಂತೆ ಪಕ್ಕದಿಂದ ಹಿಡಿಯುತ್ತೇನೆ. ನೇರ ಬೆಳಕಿನಲ್ಲಿ ಕಾಣದ ಗೆರೆ ಓರೆ ಬೆಳಕಿನಲ್ಲಿ ನೆರಳು ಹಿಡಿದು ಎದ್ದು ಬರುತ್ತದೆ. ಕಾವಲಿನವರು “ಮುಟ್ಟಬೇಡಿ, ಬೆಳಕು ಬಿಟ್ಟರೆ ಪರವಾಗಿಲ್ಲ” ಅಂದರು. ನಾನು ಎಲ್ಲಿ ಕೂರಬೇಕು ಅಂತ ಅವರೇ ಜಾಗ ತೋರಿಸಿದರು.

ಹೀಗೆ ನೋಡುವಾಗಲೇ ಸ್ತಂಭ ‘ಸಿ’ಯ ಮೇಲಿನ ಅರ್ಧದಲ್ಲಿ ಕೆತ್ತಿದ ಅಂಕಿ ಸಿಕ್ಕಿತು. ಒಂದು ಗೆರೆ, ಎರಡು ಚುಕ್ಕೆ. ಗೆರೆಗೆ ಐದು, ಚುಕ್ಕೆಗೆ ಒಂದು, ಒಟ್ಟು ಏಳು.

ಈ ಏಳರ ಹಿಂದೆ ದೊಡ್ಡ ಜಗಳವೇ ಇದೆ. 1939ರಲ್ಲಿ ಅಮೆರಿಕದ ಪುರಾತತ್ವಜ್ಞ ಮ್ಯಾಥ್ಯೂ ಸ್ಟರ್ಲಿಂಗ್‌ಗೆ ಕೆಳಗಿನ ಅರ್ಧ ಮಾತ್ರ ಸಿಕ್ಕಿತ್ತು. ಆ ಕಾಲದ ಐದು ಅಂಕಿಗಳ ತಾರೀಕಿನಲ್ಲಿ ಮೊದಲ ಅಂಕಿಯೇ ಮುರಿದು ಹೋಗಿತ್ತು. ಕೆಳಗೆ ಉಳಿದಿದ್ದ ದಿನದ ಲೆಕ್ಕಕ್ಕೆ ತಾಳೆಯಾಗುವುದು ಏಳು ಅಂತ ಅವರ ಹೆಂಡತಿ ಮರಿಯನ್ ಲೆಕ್ಕ ಹಾಕಿದರು. ಹಾಗಿದ್ದರೆ ತಾರೀಕು 7.16.6.16.18, ಅಂದರೆ ಕ್ರಿ.ಪೂ. 32. ಆಗ ಗೊತ್ತಿದ್ದ, ತಾರೀಕಿರುವ ಮಾಯಾ ಜನರ ಶಾಸನಗಳಿಗಿಂತ ಹಳೆಯದು. ಮಾಯಾ ಜನರ ಬಗ್ಗೆ ಅಧ್ಯಯನ ಮಾಡುತ್ತಿದ್ದ ಪಂಡಿತರು ಸುಲಭಕ್ಕೆ ಒಪ್ಪಲಿಲ್ಲ. ಸುಮಾರು ಮೂವತ್ತು ವರ್ಷದ ನಂತರ ಇದೇ ಊರಿನ ರೈತರೊಬ್ಬರಿಗೆ ಮೇಲಿನ ತುಂಡು ಸಿಕ್ಕಿತು. ಅದರಲ್ಲಿ ಇದ್ದದ್ದು ಏಳೇ!

ಈ ತುಂಡು ರಾಜಧಾನಿಗೆ ಹೋಗದೆ ಇಲ್ಲೇ ಉಳಿದದ್ದು ನನಗೆ ಸರಿ ಅನ್ನಿಸುತ್ತದೆ. ಸಿಕ್ಕಿದ್ದು ಈ ಊರಿನ ಮಣ್ಣಿನಲ್ಲಿ, ನೋಡಿಕೊಳ್ಳುತ್ತಿರುವವರೂ ಈ ಊರಿನವರೇ ಅಲ್ವಾ?

ನೀವು ಹೋಗೋದಾದರೆ ಮೆಕ್ಸಿಕೋ ಸಿಟಿಯಲ್ಲಿ ಕೆಳಗಿನ ಅರ್ಧದ ಫೋಟೋ ತೆಗೆದು ಫೋನಿನಲ್ಲಿ ಇಟ್ಟುಕೊಳ್ಳಿ. ಹಳ್ಳಿಯಲ್ಲಿ ಮೇಲಿನ ಅರ್ಧದ ಎದುರು ಹಿಡಿದರೆ ಅಂಕಿಗಳನ್ನು ಮೇಲಿಂದ ಕೆಳಗೆ ಪೂರ್ತಿ ಓದಬಹುದು. ಚಿಲ್ಲರೆ ಪೆಸೋ ಜೊತೆಗಿರಲಿ. ಇಳಿಯುವಾಗಲೇ ವಾಪಸ್ ಟ್ಯಾಕ್ಸಿ ಎಷ್ಟು ಹೊತ್ತಿನವರೆಗೆ ಸಿಗುತ್ತದೆ ಅಂತ ಕೇಳಿಕೊಳ್ಳಿ.