ಗೆರಟೆಯೊಳಗಿನ ಗೇರು

ಫೆಬ್ರವರಿ ಮುಗಿಯುವ ಹೊತ್ತಿಗೆ ನಮ್ಮ ಉಡುಪಿ ಕಡೆ ಬೆವರು ಶುರು. ಆದರೂ ಸಣ್ಣ ಮಕ್ಕಳನ್ನು ಕರೆದುಕೊಂಡು ಹಿತ್ತಲು ಸುತ್ತಲು ಇದೇ ಒಳ್ಳೆಯ ಕಾಲ. ಅಂಗಳದಲ್ಲಿ ಜಾರುವ ಪಾಚಿ ಇಲ್ಲ, ಮಾವು ಮಿಡಿ ಕಚ್ಚಿರುತ್ತದೆ, ಗೇರು ಹಣ್ಣಾಗುತ್ತಿರುತ್ತದೆ. ಬೆಳಿಗ್ಗೆ ಒಂಬತ್ತರೊಳಗೆ ಹೊರಡಿ, ಇಲ್ಲವೇ ಸಂಜೆ ನಾಲ್ಕೂವರೆ ಮೇಲೆ. ಕೈಯಲ್ಲೊಂದು ಕೋಲಿರಲಿ. ಒಣ ಎಲೆಯ ರಾಶಿಯನ್ನು ಮೊದಲು ಕೋಲು ಕೆದಕಬೇಕು, ಆಮೇಲೆ ಮಗುವಿನ ಕೈ.

ಮೊಮ್ಮಗನಿಗೆ ಐದು ವರ್ಷ ಆಗಿದ್ದಾಗ ಗೇರುಮರದ ಬುಡಕ್ಕೆ ಕರೆದುಕೊಂಡು ಹೋಗಿದ್ದೆ. ಒಂದು ಹಳದಿ ಹಣ್ಣನ್ನು ಕೈಯಲ್ಲಿಟ್ಟು, "ಬೀಜ ಎಲ್ಲಿದೆ ನೋಡು ಮಗಾ" ಎಂದೆ. ತಿರುಗಿಸಿ ತಿರುಗಿಸಿ ನೋಡಿದ. "ಅಜ್ಜೀ, ಇದಕ್ಕೆ ಬೀಜ ಒಳಗೆ ಹಾಕ್ಲಿಕ್ಕೆ ಮರ್ತುಹೋಯ್ತಾ?" ಎಂದು ಕೇಳಿದ. ನಗು ಬಂತು, ತಡೆದುಕೊಂಡೆ. ಉತ್ತರ ಹೇಳಲಿಲ್ಲ. ಅದೇ ಮರದ ಬೇರೆ ಗೊಂಚಲು ತೋರಿಸಿದೆ. ಗೇರಿನಲ್ಲಿ ಮೊದಲು ಬರುವುದು ಹಸಿರು ಬೀಜ. ಅದು ಬಲಿಯುತ್ತಾ ಬಂದ ಮೇಲೆ ತೊಟ್ಟು ಉಬ್ಬುತ್ತದೆ, ಬಣ್ಣ ಕಟ್ಟುತ್ತದೆ. ನಾವು ಹಣ್ಣು ಎನ್ನುವುದು ಉಬ್ಬಿದ ತೊಟ್ಟು ಅಷ್ಟೆ, ನಿಜವಾದ ಕಾಯಿ ಕೆಳಗೆ ನೇತಾಡುವ ಬೀಜವೇ. ಒಂದೇ ಗೊಂಚಲಿನಲ್ಲಿ ಸಣ್ಣದು, ದೊಡ್ಡದು, ಹಣ್ಣಾದದ್ದು ಎಲ್ಲವೂ ಸಿಗುತ್ತದೆ. ಸಾಲಾಗಿ ಜೋಡಿಸಿಕೊಟ್ಟರೆ ಮಗುವಿಗೇ ಗೊತ್ತಾಗುತ್ತದೆ. ಅವನಿಗೂ ಗೊತ್ತಾಯಿತು, ಎರಡು ದಿನ ಬೇಕಾಯಿತು.

ಇಲ್ಲಿ ಒಂದು ಎಚ್ಚರಿಕೆ. ನನ್ನ ಮಗಳು ಸಣ್ಣವಳಿದ್ದಾಗ ಹಸಿ ಬೀಜವನ್ನು ಸಿಪ್ಪೆ ಸಮೇತ ಕಚ್ಚಿಬಿಟ್ಟಳು. ತುಟಿ ಸುಟ್ಟು ಗುಳ್ಳೆ ಎದ್ದು ನಾಲ್ಕು ದಿನ ಗಂಜಿಯೇ ಗತಿ. ತಪ್ಪು ನನ್ನದು, ಬೀಜ ಕೈಗೆ ಕೊಟ್ಟು ಒಳಗೆ ಹೋಗಿದ್ದೆ. ಗೇರಿನ ಸಿಪ್ಪೆಯ ಎಣ್ಣೆ ಚರ್ಮ ಸುಡುತ್ತದೆ. ಮುಟ್ಟುವ ಮೊದಲು ಮಕ್ಕಳ ಕೈಗೆ ತೆಂಗಿನೆಣ್ಣೆ ಹಚ್ಚಿ, ಆದ ಮೇಲೆ ಸೋಪಿನಲ್ಲಿ ತೊಳೆಸಿ. ಬೀಜ ಒಡೆಯುವುದು, ಸುಡುವುದು ದೊಡ್ಡವರ ಕೆಲಸ. ಸುಡುವಾಗ ಬರುವ ಹೊಗೆ ಹತ್ತಿರವೂ ಮಕ್ಕಳು ಬೇಡ. ಮಾವಿನ ಮಿಡಿಯ ಸೊನೆಯೂ ಹಾಗೆಯೇ, ಬಾಯಿಗೆ ತಾಗಿದರೆ ಹುಣ್ಣಾಗುತ್ತದೆ. ಗೇರುಹಣ್ಣು ತಿನ್ನಲಿ, ಆದರೆ ಹೆಚ್ಚಿ ಉಪ್ಪು ಸವರಿ ಸ್ವಲ್ಪ ಹೊತ್ತು ಇಟ್ಟು ಕೊಡಿ, ಗಂಟಲು ಕೆರೆತ ಕಡಿಮೆ. ಹಳೆಯ ಅಂಗಿ ಹಾಕಿಸಿ. ಗೇರಿನ ರಸದ ಕಲೆ ತೆಗೆಯುವ ಉಪಾಯ ನನಗೆ ಈವರೆಗೆ ಸಿಕ್ಕಿಲ್ಲ!

ಇನ್ನು ಬಿತ್ತುವುದು. ಒಣಗಿಸಿದ ಹತ್ತಿಪ್ಪತ್ತು ಬೀಜವನ್ನು ಬಕೆಟ್ ನೀರಿಗೆ ಹಾಕಿಸಿ. ಮುಳುಗಿದ್ದು ಗಟ್ಟಿ, ತೇಲಿದ್ದು ಜೊಳ್ಳು. ಎಣಿಕೆ ಕಲಿಸಲು ಬೇರೆ ಪುಸ್ತಕ ಯಾಕೆ, ಅಲ್ವಾ? ಮುಳುಗಿದ್ದನ್ನು ರಾತ್ರಿಯಿಡೀ ನೆನೆಸಿ. ತೆಂಗಿನ ಗೆರಟೆ ತೆಗೆದುಕೊಳ್ಳಿ, ಕಣ್ಣಿರುವ ಅರ್ಧವೇ ಬೇಕು. ಮೆತ್ತಗಿನ ಕಣ್ಣನ್ನು ಚುಚ್ಚಿದರೆ ನೀರು ಇಳಿಯಲು ತೂತು ಸಿದ್ಧ. ಮಣ್ಣು, ಸ್ವಲ್ಪ ಮರಳು, ಒಣಗಿದ ಸೆಗಣಿ ಗೊಬ್ಬರ ಮಗುವೇ ಕಲಸಲಿ. ಬೀಜದ ತೊಟ್ಟಿನ ಬದಿ ಮೇಲೆ ಬರುವಂತೆ ಊರಿ. ಎರಡು ಮೂರು ವಾರ ಏನೂ ಕಾಣುವುದಿಲ್ಲ. ನಮ್ಮವನು ನಾಲ್ಕನೇ ದಿನಕ್ಕೇ ಒಂದನ್ನು ಅಗೆದು ನೋಡಿದ. ನಾನು ಬೈಯಲಿಲ್ಲ. ಅದಕ್ಕೇ ಐದು ಗೆರಟೆ ಇಟ್ಟಿದ್ದು, ಒಂದು ಅಗೆಯುವುದಕ್ಕೆ! ಮೊಳಕೆ ಮೇಲೆ ಬಂದಾಗ ಬೀಜದ ಎರಡು ಬೇಳೆ ಬಿಡಿಸಿಕೊಂಡು ಹಸಿರಾಗುತ್ತವೆ. ನಾವು ಪಾಯಸಕ್ಕೆ ಹಾಕುವುದು ಇದನ್ನೇ ಎಂದು ಆಗ ತೋರಿಸಿ.

ಗೇರುಮರ ಇಲ್ಲದ ಮನೆಯವರು, ಮಂಗಳೂರಿನ ಫ್ಲ್ಯಾಟಿನವರು ಬೇಸರಪಡಬೇಡಿ. ರಸ್ತೆ ಬದಿಯ ಮಾವಿನಮರದ ಕೈಗೆಟುಕುವ ಒಂದು ಹೂಗೊಂಚಲಿಗೆ ಬಣ್ಣದ ನೂಲು ಕಟ್ಟಿ, ವಾರಕ್ಕೊಮ್ಮೆ ಹೋಗಿ ನೋಡಿ. ನೂರಾರು ಹೂವಿನಲ್ಲಿ ಕೊನೆಗೆ ಉಳಿಯುವುದು ಒಂದೋ ಎರಡೋ ಕಾಯಿ, ಕೆಲವೊಮ್ಮೆ ಅದೂ ಇಲ್ಲ. ಎಲೆ ಹೊಲಿದು ಗೂಡು ಮಾಡುವ ಕೆಂಪಿರುವೆ ಇದ್ದರೆ ದೂರದಿಂದ ನೋಡಿದರೆ ಸಾಕು. ಅವು ತಮ್ಮ ಮರಿಹುಳು ಬಿಡುವ ನೂಲಿನಿಂದಲೇ ಎಲೆಗೆ ಎಲೆ ಸೇರಿಸುತ್ತವೆ. ಮನೆಗೆ ಶಂಕರಪುರ ಮಲ್ಲಿಗೆ ತಂದ ದಿನ ಬಾಳೆನಾರನ್ನು ನೆನೆಸಿ ಹೂ ಕಟ್ಟಲು ಮಕ್ಕಳ ಕೈಗೂ ಕೊಡಿ. ಗಂಟು ಸಡಿಲ ಬೀಳುತ್ತದೆ, ಬೀಳಲಿ.

ಮಾರ್ಚ್ ನಡುವಿನಲ್ಲಿ ಊರಿದರೆ ಏಪ್ರಿಲ್ ನಡುವಿನ ಬಿಸುವಿಗೆ, ಅಂದರೆ ನಮ್ಮ ತುಳುನಾಡಿನ ಹೊಸ ವರ್ಷದ ಹಬ್ಬಕ್ಕೆ, ಎಲೆ ಬಂದಿರುತ್ತದೆ. ಹಬ್ಬದ ಬೆಳಿಗ್ಗೆ ಎದ್ದ ಕೂಡಲೇ ನೋಡಲೆಂದು ಹಣ್ಣು ತರಕಾರಿ ಜೋಡಿಸಿ ಕಣಿ ಇಡುವಾಗ ನಮ್ಮವನು ಸೌತೆಕಾಯಿ, ಗೇರುಹಣ್ಣಿನ ಪಕ್ಕ ತನ್ನ ಗೆರಟೆಯನ್ನೂ ಇಟ್ಟ, ಯಾರೂ ಮುಟ್ಟಬಾರದು ಎಂದು ಅಪ್ಪಣೆ ಬೇರೆ. ಆದರೆ ಹಬ್ಬ ಕಳೆದ ಮೇಲೆ ಗೆರಟೆಯಲ್ಲೇ ಬಿಡಬೇಡಿ, ತಾಯಿಬೇರಿಗೆ ಜಾಗ ಸಾಲದು. ಮಣ್ಣು ಸಮೇತ ಉದ್ದದ ಪ್ಲಾಸ್ಟಿಕ್ ತೊಟ್ಟೆಗೆ (ಚೀಲಕ್ಕೆ) ಬದಲಾಯಿಸಿ, ಅದರ ತಳಕ್ಕೆ ನಾಲ್ಕು ತೂತು ಮಾಡಿ. ಜೂನ್‌ನಲ್ಲಿ ಮಳೆ ಹಿಡಿದ ಮೇಲೆ ನೆಲಕ್ಕೆ ಇಳಿಸಬಹುದು.