ಬಯೋಹ್ಯಾಕಿಂಗ್ ಶುರು ಮಾಡೋರು ಮೊದಲು ನಿದ್ದೆ ಸರಿಮಾಡಿಕೊಳ್ಳಿ
ಬಯೋಹ್ಯಾಕಿಂಗ್ ಅಂದ್ರೆ ನಿದ್ದೆ, ಊಟ, ದಿನಚರಿಯಲ್ಲಿ ಬದಲಾವಣೆ ಮಾಡಿಕೊಂಡು ದೇಹ ಚೆನ್ನಾಗಿ ಕೆಲಸ ಮಾಡೋ ಹಾಗೆ ಮಾಡೋ ಪ್ರಯತ್ನ. ಮಾತ್ರೆ, ಗ್ಯಾಜೆಟ್‌ಗೆ ದುಡ್ಡು ಸುರಿಯೋದು ಆಮೇಲೆ. ಬೆಳಿಗ್ಗೆ ಎದ್ದ ಒಂದು ಗಂಟೆಯೊಳಗೆ 10–15 ನಿಮಿಷ ಹೊರಗೆ ನಿಲ್ಲಿ, ಮೋಡವಿದ್ದರೆ 30. ಮನೆಯ ದೀಪ ಸಾಮಾನ್ಯವಾಗಿ 500 ಲಕ್ಸ್ (ಬೆಳಕಿನ ಅಳತೆ) ದಾಟಲ್ಲ, ಮೋಡ ಕವಿದ ಹಗಲಲ್ಲೂ ಹೊರಗೆ ಸಾವಿರಾರು ಲಕ್ಸ್ ಇರುತ್ತೆ. ನಿದ್ದೆ, ಎಚ್ಚರದ ಹೊತ್ತು ನಿರ್ಧರಿಸೋ ದೇಹದ ಗಡಿಯಾರ ಹೊಂದಿಕೊಳ್ಳೋದು ಆ ಬೆಳಕಿಗೇ. ಸೂರ್ಯನನ್ನು ಮಾತ್ರ ದಿಟ್ಟಿಸಬೇಡಿ.

ಮಧ್ಯಾಹ್ನ 2ರ ನಂತರ ಕಾಫಿ ಬೇಡ. ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಸಂಜೆ 5ಕ್ಕೆ ಕುಡಿದದ್ದರಲ್ಲಿ ಅರ್ಧ ರಾತ್ರಿ 10ಕ್ಕೂ ಮೈಯಲ್ಲೇ ಇರುತ್ತೆ.

ಹೆಚ್ಚಿನವರು ಎಡವೋದು ಎಲ್ಲವನ್ನೂ ಒಟ್ಟಿಗೆ ಶುರು ಮಾಡಿ: ಉಪವಾಸ, ತಣ್ಣೀರು ಸ್ನಾನ, ಮೆಗ್ನೀಸಿಯಂ ಮಾತ್ರೆ. ಯಾವುದು ಫಲ ಕೊಟ್ಟಿತು ಅಂತ ಗೊತ್ತೇ ಆಗಲ್ಲ. ಒಂದೇ ಬದಲಾವಣೆ, ಎರಡು ವಾರ. ಮಲಗಿದ, ಎದ್ದ ಸಮಯ ಬರೆದಿಡಿ. ಸಕ್ಕರೆ ಕಾಯಿಲೆಗೆ ಔಷಧಿ ತಗೊಳ್ಳೋರು ವೈದ್ಯರನ್ನು ಕೇಳದೆ ಉಪವಾಸ ಮಾಡಲೇಬೇಡಿ, ಶುಗರ್ ಅಪಾಯದ ಮಟ್ಟಕ್ಕೆ ಇಳಿಯಬಹುದು.