ಓಬಿಜಿ ಎಂಎಸ್ ಮುಗಿಸಿ ಬ್ರಿಟನ್‌ನ ಲೇಬರ್ ವಾರ್ಡ್‌ಗೆ: ಪರೀಕ್ಷೆ, ಕಾಗದ, ಸಹಿ

ಬ್ರಿಟನ್‌ಗೆ ಹೋಗಬೇಕೆನ್ನುವ ಓಬಿಜಿ (ಪ್ರಸೂತಿ ಮತ್ತು ಸ್ತ್ರೀರೋಗ) ಪೀಜಿಗಳು ಕೇಳುವ ಮೊದಲ ಪ್ರಶ್ನೆ, ‘ಪ್ಲ್ಯಾಬ್ ಬರೆಯಲೋ, ಎಂಆರ್‌ಸಿಒಜಿ ಮಾಡಲೋ?’ ಪ್ಲ್ಯಾಬ್ ಎಂದರೆ ಹೊರದೇಶದಲ್ಲಿ ಓದಿದ ವೈದ್ಯರಿಗೆ ಬ್ರಿಟನ್ ಇಟ್ಟಿರುವ ಪರೀಕ್ಷೆ, ಎಂಆರ್‌ಸಿಒಜಿ ಎಂದರೆ ಅಲ್ಲಿನ ಪ್ರಸೂತಿ-ಸ್ತ್ರೀರೋಗ ತಜ್ಞರ ರಾಯಲ್ ಕಾಲೇಜಿನ ಸದಸ್ಯತ್ವ ಪರೀಕ್ಷೆ. ಪ್ರಶ್ನೆಗೆ ಉತ್ತರ ಹುಡುಕುವ ಮೊದಲು ಎರಡು ಸಂಗತಿಗಳನ್ನು ಬೇರೆ ಮಾಡಿಕೊಳ್ಳಬೇಕು. ಅಲ್ಲಿನ ವೈದ್ಯರ ನಿಯಂತ್ರಣ ಸಂಸ್ಥೆಯಾದ ಜನರಲ್ ಮೆಡಿಕಲ್ ಕೌನ್ಸಿಲ್ (ಜಿಎಂಸಿ) ಕೊಡುವ ನೋಂದಣಿ ಒಂದು, ತರಬೇತಿಯ ಸೀಟು ಇನ್ನೊಂದು. ನೋಂದಣಿ ಸಿಕ್ಕಿದರೆ ಅಲ್ಲಿ ವೈದ್ಯರಾಗಿ ಕೆಲಸ ಮಾಡಬಹುದು, ಅಷ್ಟೇ. ಕಾಯಂ ಕನ್ಸಲ್ಟೆಂಟ್ (ಹಿರಿಯ ತಜ್ಞ ವೈದ್ಯ) ಆಗಬೇಕಾದರೆ ಜಿಎಂಸಿಯ ತಜ್ಞರ ಪಟ್ಟಿಯಾದ ಸ್ಪೆಷಲಿಸ್ಟ್ ರಿಜಿಸ್ಟರ್‌ನಲ್ಲಿ ಹೆಸರಿರಬೇಕು. ನಮ್ಮ ಎಂಎಸ್ ಪದವಿಯೊಂದರಿಂದಲೇ ಆ ಹೆಸರು ಸೇರುವುದಿಲ್ಲ. ಎಂಆರ್‌ಸಿಒಜಿ ಪಾಸಾದರೂ ತಾನಾಗಿ ಸೇರುವುದಿಲ್ಲ.

ನೋಂದಣಿಗೆ ನಮ್ಮಂಥವರು ಬಳಸುವ ದಾರಿ ಮೂರು. ಒಂದನೆಯದು ಪ್ಲ್ಯಾಬ್. ಮೊದಲ ಭಾಗದಲ್ಲಿ 3 ಗಂಟೆಗೆ 180 ಪ್ರಶ್ನೆ, ಇದನ್ನು ಭಾರತದಲ್ಲೇ ಬರೆಯಬಹುದು. ಎರಡನೆಯ ಭಾಗಕ್ಕೆ ಮ್ಯಾಂಚೆಸ್ಟರ್‌ಗೆ ಹೋಗಬೇಕು, ಅಲ್ಲಿ 16 ಸ್ಟೇಷನ್ (ಒಂದೊಂದರಲ್ಲೂ ಒಂದು ಸನ್ನಿವೇಶವನ್ನು ನಿಭಾಯಿಸಿ ತೋರಿಸಬೇಕು), ಒಂದೊಂದು 8 ನಿಮಿಷ. ಎಂಬಿಬಿಎಸ್ ಆದ ಕೂಡಲೇ ಹೊರಡುವವರಿಗೆ ಇದು ಸರಿ. ಎರಡನೆಯದು ಎಂಆರ್‌ಸಿಒಜಿ. ಮೂರೂ ಭಾಗ ಮುಗಿಸಿದವರಿಗೆ ಪ್ಲ್ಯಾಬ್ ಬೇಕಿಲ್ಲ, ಜಿಎಂಸಿ ಒಪ್ಪುವ ಸ್ನಾತಕೋತ್ತರ ಅರ್ಹತೆಗಳಲ್ಲಿ ಅದೂ ಒಂದು. ಮೂರನೆಯದು ಪ್ರಾಯೋಜಕತ್ವ. ಮೆಡಿಕಲ್ ಟ್ರೈನಿಂಗ್ ಇನಿಷಿಯೇಟಿವ್ (ಎಂಟಿಐ) ಎಂಬ ಯೋಜನೆಯಲ್ಲಿ ರಾಯಲ್ ಕಾಲೇಜೇ ಜಿಎಂಸಿಗೆ ಶಿಫಾರಸು ಮಾಡುತ್ತದೆ. ವೀಸಾ ಹೆಚ್ಚೆಂದರೆ 24 ತಿಂಗಳು, ಆಮೇಲೆ ಊರಿಗೆ ಮರಳಬೇಕು. ಇಲ್ಲೇ ಆಸ್ಪತ್ರೆ ನಡೆಸಬೇಕು, ಎರಡು ವರ್ಷ ಅಲ್ಲಿನ ಪದ್ಧತಿ ಕಲಿತು ಬರಬೇಕು ಎನ್ನುವವರಿಗೆ ಎಂಟಿಐಗಿಂತ ಒಳ್ಳೆಯ ದಾರಿ ನನಗೆ ಕಂಡಿಲ್ಲ. ಅಲ್ಲೇ ನೆಲೆಸುವ ಆಲೋಚನೆ ಇಟ್ಟುಕೊಂಡು ಎಂಟಿಐ ಹಿಡಿಯುವುದು ಮಾತ್ರ ತಪ್ಪು.

ಈ ಮೂರಕ್ಕೂ ಇಂಗ್ಲಿಷ್ ಪರೀಕ್ಷೆ ಉಂಟು. ಐಇಎಲ್‌ಟಿಎಸ್ ಅಕಾಡೆಮಿಕ್‌ನಲ್ಲಿ ಒಟ್ಟು 7.5, ನಾಲ್ಕರಲ್ಲಿ ಯಾವುದೂ 7ಕ್ಕೆ ಕಡಿಮೆಯಿಲ್ಲ. ಇಲ್ಲವಾದರೆ ಆರೋಗ್ಯ ವೃತ್ತಿಯವರಿಗೆಂದೇ ಇರುವ ಒಇಟಿಯಲ್ಲಿ ಪ್ರತಿಯೊಂದಕ್ಕೂ 350. ನಾನು ಆರಿಸಿದ್ದು ಒಇಟಿ. ಅದರ ಬರವಣಿಗೆ ಭಾಗ ರೆಫರಲ್ ಪತ್ರ, ಅದು ನಾವು ದಿನಾ ಬರೆಯುವಂಥದ್ದೇ. ಕೇಸ್ ಶೀಟ್‌ನಲ್ಲಿರುವುದನ್ನೆಲ್ಲ ಪತ್ರಕ್ಕೆ ತುಂಬುವುದು ಸಾಮಾನ್ಯ ತಪ್ಪು. ಪತ್ರ ಓದುವವರಿಗೆ ಏನು ಬೇಕೋ ಅದನ್ನು ಹೆಕ್ಕಿ ಬರೆದರೆ ಅಂಕ ಬರುತ್ತದೆ. ಫಲಿತಾಂಶ 2 ವರ್ಷವಷ್ಟೇ ನಡೆಯುತ್ತದೆ, ಹಾಗಾಗಿ ತೀರಾ ಮೊದಲೇ ಬರೆದಿಟ್ಟುಕೊಳ್ಳಬೇಡಿ.

ನಾನು ಹಿಡಿದದ್ದು ಎಂಆರ್‌ಸಿಒಜಿ ದಾರಿ. ಮೊದಲ ಭಾಗವನ್ನು ಎಂಎಸ್ ಮೊದಲ ವರ್ಷದಲ್ಲೇ ಬರೆಯುವುದು ಲೇಸು. ಅಲ್ಲಿ ಕೇಳುವುದು ಅನಾಟಮಿ, ಭ್ರೂಣಶಾಸ್ತ್ರ, ಜೆನೆಟಿಕ್ಸ್, ಹಾರ್ಮೋನು, ಔಷಧಶಾಸ್ತ್ರ, ಸಂಖ್ಯಾಶಾಸ್ತ್ರ. ಎಂಬಿಬಿಎಸ್‌ನ ನೆನಪು ಹಸಿಯಾಗಿದ್ದಾಗಲೇ ಮುಗಿಸಿಬಿಡಬೇಕು. ಎರಡು ಪೇಪರ್, ಒಂದೊಂದರಲ್ಲೂ ಎರಡೂವರೆ ಗಂಟೆಗೆ 100 ಪ್ರಶ್ನೆ, ತಪ್ಪಿಗೆ ಅಂಕ ಕಳೆಯುವುದಿಲ್ಲ. ನಮ್ಮವರು ಕೈಬಿಡುವುದು ಸಂಖ್ಯಾಶಾಸ್ತ್ರವನ್ನು. ಸೆನ್ಸಿಟಿವಿಟಿ, ಸ್ಪೆಸಿಫಿಸಿಟಿ, ಪ್ರಿಡಿಕ್ಟಿವ್ ವ್ಯಾಲ್ಯೂಗಳನ್ನು ನಾಲ್ಕು ಚೌಕದ ಕೋಷ್ಟಕ ಬರೆದು ಲೆಕ್ಕ ಹಾಕುವುದು ಕೈಗೆ ಬಂದರೆ ಆ ಅಂಕಗಳು ಸುಲಭವಾಗಿ ಸಿಗುತ್ತವೆ.

ಎರಡನೆಯ ಭಾಗದಲ್ಲಿ ಎಡವುವವರು ಬಹಳ. ಓದು ಕಡಿಮೆಯಾಗಿ ಎಡವುವುದಿಲ್ಲ, ಇಲ್ಲಿನ ಪದ್ಧತಿಯ ಉತ್ತರವನ್ನು ಅಲ್ಲಿ ಬರೆದು ಎಡವುತ್ತಾರೆ. ಗರ್ಭಿಣಿಯ ಸಕ್ಕರೆ ಪರೀಕ್ಷೆಯನ್ನೇ ತೆಗೆದುಕೊಳ್ಳಿ. ನಮ್ಮಲ್ಲಿ ಡಿಪ್ಸಿ ವಿಧಾನ: ಊಟವಾಗಿರಲಿ ಬಿಡಲಿ, ಎಲ್ಲ ಗರ್ಭಿಣಿಯರಿಗೂ 75 ಗ್ರಾಂ ಗ್ಲೂಕೋಸ್ ಕೊಟ್ಟು 2 ಗಂಟೆಗೆ 140 ಮುಟ್ಟಿತೇ ಎಂದು ನೋಡುತ್ತೇವೆ. ಅಲ್ಲಿ ನೈಸ್ ಎಂಬ ಸರ್ಕಾರಿ ಸಂಸ್ಥೆಯ ಮಾರ್ಗಸೂಚಿಯ ಪ್ರಕಾರ ಅಪಾಯದ ಅಂಶ ಇದ್ದವರಿಗೆ ಮಾತ್ರ ಪರೀಕ್ಷೆ: ಬಿಎಂಐ 30ಕ್ಕಿಂತ ಹೆಚ್ಚು, ಹಿಂದಿನ ಮಗು 4.5 ಕಿಲೋ ಅಥವಾ ಮೇಲೆ, ಹಿಂದಿನ ಬಸಿರಲ್ಲಿ ಸಕ್ಕರೆ, ಒಡಹುಟ್ಟಿದವರಲ್ಲೋ ತಂದೆತಾಯಿಯಲ್ಲೋ ಸಕ್ಕರೆ ಕಾಯಿಲೆ, ಸಕ್ಕರೆ ಕಾಯಿಲೆ ಹೆಚ್ಚಿರುವ ಜನಾಂಗದ ಮೂಲ. ಅಲ್ಲಿನ ಗಡಿ ಬರಿಹೊಟ್ಟೆಯಲ್ಲಿ 5.6, 2 ಗಂಟೆಗೆ 7.8 ಮಿಲಿಮೋಲ್. ಆ 7.8 ನಮ್ಮ 140ಕ್ಕೆ ಸಮ, ಆದರೆ ಯಾರಿಗೆ ಮಾಡಬೇಕು ಎನ್ನುವಲ್ಲಿ ಉತ್ತರ ಬೇರೆ. ಹಿಮೋಗ್ಲೋಬಿನ್ನಿನದೂ ಇದೇ ಕತೆ. ರಕ್ತಹೀನತೆಯ ಗಡಿ ನಮಗೆ ಬಸುರಿನುದ್ದಕ್ಕೂ 11. ಅಲ್ಲಿ ಮೊದಲ ಮೂರು ತಿಂಗಳು 110, ಆಮೇಲೆ 105, ಹೆರಿಗೆಯ ನಂತರ 100, ಅದೂ ಲೀಟರಿಗೆ ಗ್ರಾಂ ಲೆಕ್ಕದಲ್ಲಿ. ‘ಎಚ್‌ಬಿ 98’ ಎಂದು ಕಂಡರೆ ಕಣ್ಣು ತಡವರಿಸಬಾರದು, ಅದು ನಮ್ಮ 9.8. ಇಂಥ ಜೋಡಿಗಳನ್ನು ನಾನು ಒಂದು ಉದ್ದ ನೋಟ್‌ಬುಕ್ಕಿನಲ್ಲಿ ಎಡಕ್ಕೆ ‘ಇಲ್ಲಿ’, ಬಲಕ್ಕೆ ‘ಅಲ್ಲಿ’ ಎಂದು ಬರೆಯುತ್ತಾ ಹೋದೆ. ರಾಯಲ್ ಕಾಲೇಜಿನ ಗ್ರೀನ್‌ಟಾಪ್ ಮಾರ್ಗಸೂಚಿಗಳನ್ನು ನಾಲ್ಕು ಸಲ ಓದಿದ್ದಕ್ಕಿಂತ ಈ ಎರಡು ಕಾಲಂ ಹೆಚ್ಚು ಕೆಲಸಕ್ಕೆ ಬಂತು.

ಸಮಯದ ಲೆಕ್ಕವನ್ನೂ ಮೊದಲೇ ಮಾಡಿಕೊಳ್ಳಬೇಕು. ಈ ಎರಡನೆಯ ಭಾಗದಲ್ಲಿ ಎರಡು ಪೇಪರ್, ಒಂದೊಂದು 3 ಗಂಟೆ. ಪ್ರತಿಯೊಂದರಲ್ಲೂ 50 ಎಸ್‌ಬಿಎ (ಅತ್ಯುತ್ತಮವಾದ ಒಂದೇ ಉತ್ತರ ಆರಿಸುವ ಪ್ರಶ್ನೆ), 50 ಇಎಂಕ್ಯೂ (ಉದ್ದ ಪಟ್ಟಿಯಿಂದ ಉತ್ತರ ಹೊಂದಿಸುವ ಪ್ರಶ್ನೆ). ಅಂಕದಲ್ಲಿ ಎಸ್‌ಬಿಎಗೆ 40 ಪಾಲು, ಇಎಂಕ್ಯೂಗೆ 60 ಪಾಲು. ಎಸ್‌ಬಿಎಗೆ 70 ನಿಮಿಷ, ಇಎಂಕ್ಯೂಗೆ 110 ನಿಮಿಷ ಎಂದು ಹಂಚಿಕೊಂಡರೆ ಒಂದಕ್ಕೆ 84 ಸೆಕೆಂಡ್, ಇನ್ನೊಂದಕ್ಕೆ 132 ಸೆಕೆಂಡ್ ಸಿಗುತ್ತದೆ. ಎಸ್‌ಬಿಎಯಲ್ಲೇ ತಡಮಾಡಿದವರು ಹೆಚ್ಚು ತೂಕದ ಭಾಗವನ್ನು ಓಡಿಸಿ ಮುಗಿಸಬೇಕಾಗುತ್ತದೆ.

ಕಾಗದದ ವಿಷಯಕ್ಕೆ ಬಂದರೆ, ಕನ್ನಡಿಗರಿಗೆ ಮೊದಲು ಕಾಡುವುದು ಇನಿಷಿಯಲ್. ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಹೆಸರಿನ ಹಿಂದೆ ‘ಎಂ. ಎಸ್.’, ಪಾಸ್‌ಪೋರ್ಟಿನಲ್ಲಿ ಅದೇ ಊರಿನ ಹೆಸರು, ಅಪ್ಪನ ಹೆಸರು ಎಂದು ಪೂರ್ತಿ ಬಿಡಿಸಿ ಬರೆದಿರುತ್ತದೆ. ರಾಜೀವ್ ಗಾಂಧಿ ವಿಶ್ವವಿದ್ಯಾಲಯದ ಪದವಿ ಪತ್ರದಲ್ಲಿ ಮತ್ತೆ ಇನಿಷಿಯಲ್. ವೈದ್ಯರ ದಾಖಲೆ ಪರಿಶೀಲಿಸುವ ಎಪಿಕ್ ಎಂಬ ಆನ್‌ಲೈನ್ ಸೇವೆಯ ಮೂಲಕ ಪದವಿಯನ್ನು ಮೂಲದಲ್ಲೇ ಪರಿಶೀಲಿಸುವಾಗ ಹೆಸರು ತಾಳೆಯಾಗದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಖಾತೆ ತೆರೆಯುವ ಮೊದಲೇ ಪಾಸ್‌ಪೋರ್ಟಿನ ಹೆಸರನ್ನೂ ಪದವಿ ಪತ್ರದ ಹೆಸರನ್ನೂ ಪಕ್ಕಪಕ್ಕ ಇಟ್ಟು ಒಂದೊಂದೇ ಅಕ್ಷರ ನೋಡಿ, ವ್ಯತ್ಯಾಸ ಇದ್ದರೆ ಮೊದಲು ಅದನ್ನು ಸರಿಪಡಿಸಿ. ಇನ್ನು ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನ ಗುಡ್ ಸ್ಟ್ಯಾಂಡಿಂಗ್ (ವೃತ್ತಿಯಲ್ಲಿ ಕಳಂಕವಿಲ್ಲ ಎನ್ನುವ) ಪ್ರಮಾಣಪತ್ರ. ಅದಕ್ಕೆ ಮೂರು ತಿಂಗಳಷ್ಟೇ ಆಯಸ್ಸು. ಉಳಿದ ಎಲ್ಲವೂ ಕೈಗೆ ಬಂದ ಮೇಲೆ ಕೊನೆಯಲ್ಲಿ ಕೇಳಿ. ಕಳೆದ 5 ವರ್ಷದಲ್ಲಿ ಬೇರೆ ರಾಜ್ಯದಲ್ಲೋ ಗಲ್ಫ್‌ನಲ್ಲೋ ಕೆಲಸ ಮಾಡಿದ್ದರೆ ಅಲ್ಲಿಯದೂ ಬೇಕು.

ಈಗ ತರಬೇತಿಯ ಸೀಟು. ಅಲ್ಲಿ ಓಬಿಜಿ ಎಸ್‌ಟಿ1ರಿಂದ ಎಸ್‌ಟಿ7ರವರೆಗೆ 7 ವರ್ಷ. ಅರ್ಜಿ ಓರಿಯಲ್ ಜಾಲತಾಣದಲ್ಲಿ. ಎಸ್‌ಟಿ1ಕ್ಕೆ ಎಂಎಸ್‌ಆರ್‌ಎ ಎಂಬ ಪರೀಕ್ಷೆ ಇದೆ. ಅದರಲ್ಲಿ ಒಂದು ಭಾಗ ವೈದ್ಯಕೀಯ, ಇನ್ನೊಂದು ವೃತ್ತಿಯ ಇಕ್ಕಟ್ಟುಗಳದ್ದು. ಈ ಎರಡನೆಯದನ್ನು ‘ಕಾಮನ್‌ಸೆನ್ಸ್’ ಎಂದು ಬಿಟ್ಟವರು ಅಂಕ ಕಳೆದುಕೊಳ್ಳುತ್ತಾರೆ. ಸೀನಿಯರ್ ತಪ್ಪು ಮಾಡಿದ್ದನ್ನು ಕಂಡಾಗ ಏನು ಮಾಡುತ್ತೀರಿ ಎಂದು ಕೇಳಿದರೆ, ಸುಮ್ಮನಿರುವುದು ಗೌರವ ಎಂದು ಕಲಿತವರಿಗೆ ಸರಿಯುತ್ತರ ಹೊಳೆಯುವುದಿಲ್ಲ. ಜಿಎಂಸಿಯ ವೃತ್ತಿನಡತೆಯ ಕೈಪಿಡಿ ಓದಿಯೇ ಕೂರಬೇಕು.

ಬ್ರಿಟನ್‌ನ ಫೌಂಡೇಶನ್ ತರಬೇತಿ (ಪದವಿಯಾದ ಮೇಲಿನ ಮೊದಲ ಎರಡು ವರ್ಷದ್ದು) ಮಾಡದವರು, ಆ ಮಟ್ಟದ ಸಾಮರ್ಥ್ಯ ತಮಗಿದೆ ಎಂದು ತೋರಿಸುವ ಕ್ರೆಸ್ಟ್ ಎಂಬ ಫಾರಂ ಕೊಡಬೇಕು. ಕನಿಷ್ಠ 3 ತಿಂಗಳು ನಿಮ್ಮ ಕೆಲಸ ನೋಡಿದ ಕನ್ಸಲ್ಟೆಂಟ್ ಸಹಿ ಹಾಕಬೇಕು. ನಮ್ಮ ಯೂನಿಟ್ ಚೀಫ್ ಕೂಡ ಹಾಕಬಹುದು, ಆಗ ಅವರ ಮೆಡಿಕಲ್ ಕೌನ್ಸಿಲ್ ನೋಂದಣಿಯ ಪುರಾವೆಯನ್ನೂ ಜೊತೆಗಿಡಬೇಕು. ಒಂದು ಸಾಮರ್ಥ್ಯದ ಮುಂದೆ ಗುರುತು ಬಿಟ್ಟುಹೋದರೂ ಫಾರಂ ತಿರಸ್ಕೃತ. ಹಿಂದಿನ ವರ್ಷದ ಫಾರಂ ಬಳಸಿದರೂ ತಿರಸ್ಕೃತ. ಸಹಿ ಆದ ಮೇಲೆ ಸರ್ ಎದುರಿಗೇ ಕೂತು ಪ್ರತಿ ಪುಟ ತಿರುವಿ ನೋಡಿಕೊಳ್ಳುವುದರಲ್ಲಿ ಸಂಕೋಚ ಬೇಡ.

ಎಸ್‌ಟಿ3ಕ್ಕೆ ನೇರ ಹೋಗಬೇಕಾದರೆ ಎಂಆರ್‌ಸಿಒಜಿ ಮೊದಲ ಭಾಗ ಪಾಸಾಗಿರಬೇಕು, ಮೊದಲ ಎರಡು ವರ್ಷದ ಕೈಕೆಲಸ ಬರುತ್ತದೆ ಎನ್ನಲು ಪುರಾವೆ ಬೇಕು. ಅಲ್ಲಿ ಎಸ್‌ಟಿ3 ಎಂದರೆ ರಿಜಿಸ್ಟ್ರಾರ್, ರಾತ್ರಿ ಲೇಬರ್ ವಾರ್ಡ್ ನಿಮ್ಮ ಹೊಣೆ. ಇನ್ನೊಂದು ಮಾತು ಗಮನದಲ್ಲಿರಲಿ: ಬ್ರಿಟನ್‌ನಲ್ಲೇ ಓದಿದವರಿಗೆ ತರಬೇತಿ ಸೀಟಿನಲ್ಲಿ ಆದ್ಯತೆ ಕೊಡುವುದಾಗಿ ಅಲ್ಲಿನ ಸರ್ಕಾರ 2025ರ ಜುಲೈನ 10 ವರ್ಷದ ಆರೋಗ್ಯ ಯೋಜನೆಯಲ್ಲಿ ಹೇಳಿದೆ. ಸೀಟೊಂದನ್ನೇ ನಂಬಿ ಕೆಲಸ ಬಿಟ್ಟು ಹೋಗುವ ಕಾಲ ಇದಲ್ಲ.

ಸೀಟು ಸಿಗದಿದ್ದರೂ ದಾರಿ ಮುಚ್ಚುವುದಿಲ್ಲ. ಕ್ಲಿನಿಕಲ್ ಫೆಲೋ, ಸ್ಪೆಷಾಲ್ಟಿ ಡಾಕ್ಟರ್ ಹುದ್ದೆಗಳಲ್ಲಿ ಕೆಲಸ ಮಾಡುತ್ತಾ ಪೋರ್ಟ್‌ಫೋಲಿಯೋ ಪಾತ್‌ವೇ ಮೂಲಕ ಸ್ಪೆಷಲಿಸ್ಟ್ ರಿಜಿಸ್ಟರ್ ಸೇರಬಹುದು. ಮೊದಲು ಇದನ್ನು ಸೆಸರ್ ಎನ್ನುತ್ತಿದ್ದರು, 2023ರ ನವೆಂಬರ್ ಕೊನೆಗೆ ಹೆಸರೂ ಅಳತೆಗೋಲೂ ಬದಲಾದವು. ಈ ದಾರಿಯಲ್ಲಿ ಪರೀಕ್ಷೆಗಿಂತ ಪುರಾವೆ ದೊಡ್ಡದು. ನೀವು ಮಾಡಿದ್ದನ್ನು ನೋಡಿದವರು ಬರೆದು ಸಹಿ ಹಾಕಿರಬೇಕು, ಆಸ್ಪತ್ರೆ ಅದನ್ನು ದೃಢಪಡಿಸಿರಬೇಕು, ರೋಗಿಯ ಗುರುತು ಎಲ್ಲೂ ಕಾಣಬಾರದು.

ಸಹಿ ಎಂದರೆ ಎಂಥದ್ದು ಎನ್ನುವುದನ್ನು ಸಿಸೇರಿಯನ್‌ನಲ್ಲೇ ತೋರಿಸುತ್ತೇನೆ. ಎಂಎಸ್ ಮುಗಿಸುವ ಹೊತ್ತಿಗೆ ನಮ್ಮ ಕೈ ಬಹಳಷ್ಟು ಸಿಸೇರಿಯನ್ ಮಾಡಿರುತ್ತದೆ. ಅಲ್ಲಿ ಆ ಲೆಕ್ಕ ಹೇಳಿದರೆ ತಲೆಯಾಡಿಸುತ್ತಾರೆ, ಆಮೇಲೆ ಓಸ್ಯಾಟ್ಸ್ ಕೇಳುತ್ತಾರೆ. ಹಿರಿಯರೊಬ್ಬರು ಮೊದಲಿನಿಂದ ಕೊನೆಯವರೆಗೆ ನಿಂತು ನೋಡಿ ತುಂಬುವ ಫಾರಂ ಅದು. ಒಂದು ಕೈಕೆಲಸಕ್ಕೆ ‘ಸಮರ್ಥರು’ ಎಂಬ ಕನಿಷ್ಠ ಮೂರು ಫಾರಂ, ಅದೂ ಒಬ್ಬರಿಂದಲೇ ಅಲ್ಲ. ನೋಡುವುದು ಹೊಲಿಗೆಯ ವೇಗವನ್ನಲ್ಲ. ಥಿಯೇಟರ್ ಚೆಕ್‌ಲಿಸ್ಟ್ ಹೊತ್ತಿಗೆ ಎಲ್ಲರೂ ಕೈ ನಿಲ್ಲಿಸಿದರೇ, ಅಸಿಸ್ಟೆಂಟ್‌ಗೆ ಏನು ಬೇಕೆಂದು ಬಾಯಿಬಿಟ್ಟು ಹೇಳಿದಿರೇ, ರಕ್ತ ಎಷ್ಟು ಹೋಯಿತೆಂದು ಅಳೆದಿರೇ? ರಕ್ತವನ್ನು ಅಲ್ಲಿ ಕಣ್ಣಂದಾಜಿನಲ್ಲಿ ಬರೆಯುವುದಿಲ್ಲ. ಸ್ವಾಬ್‌ಗಳನ್ನು ತೂಗಿ, ಒಣ ತೂಕ ಕಳೆದು, 1 ಗ್ರಾಂಗೆ 1 ಮಿಲಿ ಎಂದು ಸಕ್ಷನ್ ಬಾಟಲಿಯ ಲೆಕ್ಕಕ್ಕೆ ಕೂಡಿಸುತ್ತಾರೆ. ಕಣ್ಣಂದಾಜು ಹೆಚ್ಚಾಗಿ ಕಡಿಮೆಯೇ ಹೇಳುತ್ತದೆ, ತಾಯಿ ಕುಸಿಯುವವರೆಗೆ ಯಾರಿಗೂ ತಿಳಿಯುವುದಿಲ್ಲ. ತಕ್ಕಡಿಗೆ ಇರುವ ಬೆಲೆ ಅದು, ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲೂ ನಾಳೆಯೇ ಶುರುಮಾಡಬಹುದಾದ ಕೆಲಸ.

ನಮ್ಮ ಕೈ ಹಿಂದೆ ಬೀಳುವುದು ವ್ಯಾಕ್ಯೂಮ್, ಫೋರ್ಸೆಪ್ಸ್ ಹೆರಿಗೆಯಲ್ಲಿ, ಅದರಲ್ಲೂ ಮಗುವಿನ ತಲೆ ತಿರುಗಿಸಿ ತೆಗೆಯುವಲ್ಲಿ. ಸಹಜ ಹೆರಿಗೆ ಅಲ್ಲಿ ಮಿಡ್‌ವೈಫ್‌ಗಳದು. ಪದವಿ ಓದಿ, ತಮ್ಮದೇ ಕೌನ್ಸಿಲ್‌ನಲ್ಲಿ ನೋಂದಾಯಿಸಿಕೊಂಡ ಸ್ವತಂತ್ರ ವೃತ್ತಿಯವರು ಅವರು. ‘ಸಿಸ್ಟರ್, ಆಕ್ಸಿಟೋಸಿನ್ ಹಾಕಿ’ ಎಂದು ಬಾಗಿಲಲ್ಲೇ ಹೇಳಿ ಹೋಗುವ ರೂಢಿ ಇಲ್ಲೇ ಬಿಟ್ಟು ಹೋಗಬೇಕು. ತಂಡದವರ ಅಭಿಪ್ರಾಯ ಸಂಗ್ರಹಿಸುವ ಟಿಒ1 ಫಾರಂಗಳಲ್ಲಿ ಅವರ ಮಾತೂ ಇರುತ್ತದೆ, ವರ್ಷದ ಕೊನೆಯ ಮೌಲ್ಯಮಾಪನಕ್ಕೆ ಅದು ಹೋಗುತ್ತದೆ.

ಎಂಆರ್‌ಸಿಒಜಿ ಮೂರನೆಯ ಭಾಗ 2016ರಿಂದ ಪ್ರತ್ಯೇಕ ಪರೀಕ್ಷೆ. 14 ಸ್ಟೇಷನ್, ಒಂದೊಂದು 12 ನಿಮಿಷ, ಅದರಲ್ಲಿ ಮೊದಲ 2 ನಿಮಿಷ ಓದಲು. ಒಂದು ಸ್ಟೇಷನ್ ಹೀಗಿರಬಹುದು: ಮೊದಲ ಹೆರಿಗೆ ಸಿಸೇರಿಯನ್, ಈ ಸಲ ಸಹಜವಾಗಿ ಹೆರಬೇಕೆಂಬ ಆಸೆ, ಎದುರಿಗೆ ಕೂತವರು ನಟಿ. ನಮ್ಮ ಓಪಿಡಿಯಲ್ಲಿ ‘ನಾವು ನೋಡ್ಕೋತೀವಮ್ಮ, ನೀವು ಧೈರ್ಯವಾಗಿರಿ’ ಎಂದರೆ ತಾಯಿಯ ಮುಖ ಅರಳುತ್ತದೆ. ಅಲ್ಲಿ ಅದೇ ಮಾತಿಗೆ ಅಂಕ ಹೋಗುತ್ತದೆ, ಏಕೆಂದರೆ ತೀರ್ಮಾನ ವೈದ್ಯರ ಕೈಯಲ್ಲೇ ಉಳಿಯಿತು. ಮೊದಲು ಆಕೆಗೆ ಯಾವುದು ಮುಖ್ಯ ಎಂದು ಕೇಳಬೇಕು. ಆಮೇಲೆ ಅಂಕಿ: 100ರಲ್ಲಿ 72ರಿಂದ 75 ಮಂದಿಗೆ ಸಹಜ ಹೆರಿಗೆ ಆಗುತ್ತದೆ, 200ರಲ್ಲಿ ಒಬ್ಬರಿಗೆ ಹಳೆಯ ಹೊಲಿಗೆ ಬಿಡುತ್ತದೆ. ಹೇಳಿ ನಿಲ್ಲಿಸಬೇಕು, ಆಕೆ ಮಾತಾಡುವವರೆಗೆ ಕಾಯಬೇಕು. ಆ ಮೌನ ಹತ್ತು ಸೆಕೆಂಡ್ ಇದ್ದರೂ ತುಂಬಲು ಹೋಗಬಾರದು. 2015ರ ಮಾಂಟ್ಗೊಮರಿ ತೀರ್ಪಿನ ನಂತರ ಬ್ರಿಟನ್‌ನಲ್ಲಿ ಒಪ್ಪಿಗೆಯ ಕಾನೂನೇ ಹೀಗೆ: ಆ ತಾಯಿಯ ಜಾಗದಲ್ಲಿರುವವರಿಗೆ ಯಾವ ಅಪಾಯ ಮುಖ್ಯವಾದೀತೋ ಅದನ್ನು ಹೇಳಲೇಬೇಕು. ಇದನ್ನು ಕನ್ನಡದಲ್ಲೇ, ನಮ್ಮ ಓಪಿಡಿಯ ತಾಯಂದಿರ ಜೊತೆಯಲ್ಲೇ ಅಭ್ಯಾಸ ಮಾಡಬಹುದು. ನಾನು ಹಾಗೆಯೇ ಮಾಡಿದ್ದು. ಭಾಷೆ ಬದಲಾದರೂ ಕೇಳುವ, ನಿಲ್ಲಿಸುವ, ಕಾಯುವ ಕ್ರಮ ಕೈಬಿಡಲಿಲ್ಲ.

ಪೀಜಿ ಇನ್ನೂ ಮುಗಿಯದವರು ಇವತ್ತಿನಿಂದಲೇ ಲಾಗ್‌ಬುಕ್ಕಿಗೆ ಕಾಲಂ ಹೆಚ್ಚಿಸಿ. ದಿನಾಂಕ, ಕಾರಣ, ನಿಮ್ಮ ಪಾತ್ರ (ನೋಡಿದ್ದೋ, ಸಹಾಯವೋ, ಮೇಲ್ವಿಚಾರಣೆಯಲ್ಲಿ ಮಾಡಿದ್ದೋ, ಸ್ವತಂತ್ರವೋ), ತೂಗಿದ ರಕ್ತ, ತೊಡಕು, ನೋಡಿದವರ ಹೆಸರು, ಅವರ ಕೌನ್ಸಿಲ್ ನಂಬರ್, ಸಹಿ. ರೋಗಿಯ ಹೆಸರು ಬೇಡ. ವಾರಕ್ಕೊಮ್ಮೆ, ಶನಿವಾರ ರೌಂಡ್ಸ್ ಮುಗಿದ ಮೇಲೆ ಸಹಿ ಮಾಡಿಸಿಕೊಳ್ಳಿ. ಮೂರು ವರ್ಷದ್ದನ್ನು ಕೊನೆಯ ವಾರ ಒಟ್ಟಿಗೆ ಒಯ್ದರೆ ಅಷ್ಟರಲ್ಲಿ ಇಬ್ಬರು ಪ್ರೊಫೆಸರ್ ವರ್ಗವಾಗಿ ಹೋಗಿರುತ್ತಾರೆ, ಒಬ್ಬರು ನಿವೃತ್ತರಾಗಿರುತ್ತಾರೆ. ಪ್ರತಿ ಪುಟದ ಕೆಳಗೆ ವಿಭಾಗದ ಸೀಲು ಬೀಳಲಿ, ಅದೇ ದಿನ ಸ್ಕ್ಯಾನ್ ಮಾಡಿಟ್ಟುಕೊಳ್ಳಿ.